ಹೊಡೆಯುವ ಮೊದಲೇ ಚೆಂಡು ಸರಿದರೆ?

ಪ್ರಶ್ನೆ: ಗಾಲ್ಫ್ ಆಡುವಾಗ ರಫ್‌ನಲ್ಲಿ (ಉದ್ದ ಹುಲ್ಲಿನ ಜಾಗದಲ್ಲಿ) ಚೆಂಡಿನ ಹಿಂದೆ ಕ್ಲಬ್ (ಹೊಡೆಯುವ ಕೋಲು) ಇಟ್ಟ ಕೂಡಲೇ ಅದು ಹುಲ್ಲಿನೊಳಗೆ ಅರ್ಧ ಇಂಚು ಇಳಿಯಿತು. ಇನ್ನೂ ಹೊಡೆದೇ ಇಲ್ಲವಲ್ಲ ಎಂದುಕೊಂಡು ಅಲ್ಲಿಂದಲೇ ಆಡಿದೆ. ಮುಂದೆ ಗ್ರೀನ್ (ಹೋಲ್ ಅಂದರೆ ಕುಳಿ ಇರುವ ನುಣುಪು ಹುಲ್ಲುಹಾಸು) ಮೇಲೆ ಜಾಗ ಮಾರ್ಕ್ ಮಾಡಿ, ಎತ್ತಿ ಒರೆಸಿ ವಾಪಸ್ ಇಟ್ಟ ಚೆಂಡು ಗಾಳಿಗೆ ಎರಡು ಅಡಿ ಉರುಳಿತು. ಗಾಳಿಯ ಕೆಲಸ ಎಂದು ಹೊಸ ಜಾಗದಿಂದ ಪಟ್ ಮಾಡಿದೆ (ಕುಳಿಯತ್ತ ಮೆಲ್ಲಗೆ ಉರುಳಿಸಿದೆ). ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತಗಳನ್ನು ಎಣಿಸುವ) ಪಂದ್ಯ. ಪೆನಾಲ್ಟಿ ಇದೆಯೇ?

ಉತ್ತರ: ಎರಡು ಕಡೆಯೂ ತಲಾ ಎರಡು ಸ್ಟ್ರೋಕ್ (ಹೊಡೆತ) ಪೆನಾಲ್ಟಿ. ಬೇಸರದ ಮಾತೆಂದರೆ, ಮೊದಲನೆಯದು ಒಂದಕ್ಕೇ ಮುಗಿಯುತ್ತಿತ್ತು, ಎರಡನೆಯದಕ್ಕೆ ಪೆನಾಲ್ಟಿಯೇ ಇರುತ್ತಿರಲಿಲ್ಲ. ಚೆಂಡನ್ನು ಮೊದಲಿದ್ದ ಜಾಗದಲ್ಲಿ ಇಟ್ಟಿದ್ದರೆ ಸಾಕಿತ್ತು.

ರಫ್‌ನ ವಿಷಯಕ್ಕೆ ಬರೋಣ. ಚೆಂಡು ನಡುಗಿ ಮತ್ತೆ ಅದೇ ಜಾಗಕ್ಕೆ ಬಂದು ನಿಂತರೆ ನಿಯಮದ ಲೆಕ್ಕದಲ್ಲಿ ಅದು ಸರಿದಿಲ್ಲ. ಬೇರೆ ಜಾಗದಲ್ಲಿ ನಿಂತದ್ದು ಬರಿಗಣ್ಣಿಗೆ ಕಂಡರೆ ಸರಿದಂತೆಯೇ. ಪಕ್ಕಕ್ಕೆ ಮಾತ್ರವಲ್ಲ, ಕೆಳಗಿಳಿದರೂ ಸರಿ. ಇನ್ನು ಸರಿಸಿದ್ದು ಯಾರು? ನೀವೇ ಎಂದು ಖಚಿತವಾಗಿ ಗೊತ್ತಿರಬೇಕು, ಅಥವಾ ಶೇ. 95ರಷ್ಟಾದರೂ ಸಾಧ್ಯತೆ ಇರಬೇಕು. ಅಷ್ಟು ಇಲ್ಲದಿದ್ದರೆ, ಬೇರೆಯವರ ಕೈವಾಡವೂ ಇಲ್ಲದಿದ್ದರೆ, ಪ್ರಕೃತಿಯೇ ಸರಿಸಿತು ಎಂದು ಹಿಡಿದು ಹೊಸ ಜಾಗದಿಂದ ಆಡುವುದು. ನಿಮ್ಮ ವಿಷಯದಲ್ಲಿ ಕ್ಲಬ್ ಹುಲ್ಲು ಒತ್ತಿದ ಕ್ಷಣವೇ ಚೆಂಡು ಇಳಿದಿದೆ, ಅನುಮಾನಕ್ಕೆ ಎಡೆಯಿಲ್ಲ. ಒಂದು ಪೆನಾಲ್ಟಿ, ಚೆಂಡು ವಾಪಸ್. ಒತ್ತಿದ ಹುಲ್ಲು ಮೇಲೇಳದೆ ಮೊದಲಿನ ಲೈ (ಚೆಂಡು ಕೂತಿದ್ದ ಸ್ಥಿತಿ) ಸಿಗದಿದ್ದರೆ ಒಂದು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಅಂಥದ್ದೇ ಲೈ ಹುಡುಕಿ ಇಡಬೇಕು. ದಟ್ಟ ಹುಲ್ಲಿನಲ್ಲಿ ಕ್ಲಬ್ಬನ್ನು ನೆಲಕ್ಕೂರದೆ ಗಾಳಿಯಲ್ಲೇ ಹಿಡಿಯುವ ರೂಢಿ ಒಳ್ಳೆಯದು.

ಗ್ರೀನ್ ಮೇಲೆ ಎಲ್ಲರೂ ಎಡವುವ ಜಾಗ ಬೇರೆ. ಅಲ್ಲಿ ಕೇಳಬೇಕಾದ್ದು: ಈ ಚೆಂಡನ್ನು ಒಮ್ಮೆಯಾದರೂ ಎತ್ತಿ ವಾಪಸ್ ಇಟ್ಟಿದ್ದಾಗಿದೆಯೇ? ಆಗಿದ್ದರೆ ಆ ಜಾಗವೇ ಅದಕ್ಕೆ ನಿಗದಿಯಾದಂತೆ. ಗಾಳಿ ಎಲ್ಲಿಗೆ ಒಯ್ದರೂ ಅಲ್ಲಿಗೇ ತರಬೇಕು. ಎತ್ತಿಯೇ ಇಲ್ಲದಿದ್ದರೆ ನಿಂತಲ್ಲಿಂದ ಆಟ, ಉರುಳಿ ಹೋಲ್‌ಗೆ ಬಿದ್ದರಂತೂ ಹಿಂದಿನ ಹೊಡೆತಕ್ಕೇ ಹೋಲ್ ಮುಗಿಯಿತು. ನಿಮ್ಮ ಪಟರ್ ಅಥವಾ ಕಾಲು ಅಕಸ್ಮಾತ್ತಾಗಿ ತಾಗಿ ಸರಿದರೆ ಗ್ರೀನ್ ಮೇಲೆ ಪೆನಾಲ್ಟಿ ಇಲ್ಲ, ವಾಪಸ್ ಇಟ್ಟು ಆಡಿ. ಈ ಸಡಿಲಿಕೆ ಮೊದಲು ಇರಲಿಲ್ಲ. 2016ರ ಯುಎಸ್ ಓಪನ್‌ನ ಕೊನೆಯ ದಿನ ಓಕ್‌ಮಾಂಟ್ ಮೈದಾನದ 5ನೇ ಗ್ರೀನ್‌ನಲ್ಲಿ ಅಮೆರಿಕದ ಆಟಗಾರ ಡಸ್ಟಿನ್ ಜಾನ್ಸನ್ ಅವರ ಚೆಂಡು ಕೂದಲೆಳೆಯಷ್ಟು ಸರಿಯಿತು. ಪೆನಾಲ್ಟಿ ಬೀಳಬಹುದು ಎಂದು ಅವರಿಗೆ ತಿಳಿಸಿದ್ದು 12ನೇ ಟೀಯಲ್ಲಿ (ಆ ಹೋಲ್‌ನ ಆಟ ಶುರುವಾಗುವ ಜಾಗದಲ್ಲಿ). ಒಂದು ಸ್ಟ್ರೋಕ್ ಕೊನೆಗೂ ಸೇರಿತು, ಆದರೂ ಮೂರು ಸ್ಟ್ರೋಕ್‌ಗಳಿಂದ ಗೆದ್ದರು. ಮರುವರ್ಷ ಸ್ಥಳೀಯ ನಿಯಮವಾಗಿ ಬಂದ ವಿನಾಯಿತಿ 2019ರಲ್ಲಿ ಮೂಲ ನಿಯಮಕ್ಕೇ ಸೇರಿತು.

2023ರಿಂದ ಇನ್ನೊಂದು ಅನುಕೂಲವಿದೆ. ಡ್ರಾಪ್ ಮಾಡಿದ (ಕೈಯಿಂದ ಕೆಳಗೆ ಬಿಟ್ಟ) ಅಥವಾ ಕೈಯಾರೆ ಇಟ್ಟ ಚೆಂಡು ನಿಂತ ಮೇಲೆ ತಾನಾಗಿ ಉರುಳಿ ನೀರಿಗೋ ಬಂಕರ್‌ಗೋ (ಮರಳ ಗುಂಡಿಗೋ) ಗಡಿಯಾಚೆಗೋ ಹೋದರೆ ಪೆನಾಲ್ಟಿಯಿಲ್ಲದೆ ನಿಂತಿದ್ದ ಜಾಗಕ್ಕೇ ತರಬೇಕು. 2019ರ ಫೀನಿಕ್ಸ್ ಓಪನ್‌ನ 11ನೇ ಹೋಲ್‌ನಲ್ಲಿ ಅಮೆರಿಕದ ಆಟಗಾರ ರಿಕಿ ಫೌಲರ್ ಡ್ರಾಪ್ ಮಾಡಿ ಗ್ರೀನ್ ನೋಡಲು ಹೋದಾಗ ಚೆಂಡು ಜಾರಿ ನೀರಿಗಿಳಿದು ಮತ್ತೊಂದು ಪೆನಾಲ್ಟಿ ತಂದಿತ್ತು. ಈಗಾಗಿದ್ದರೆ ಆ ಪೆನಾಲ್ಟಿ ತಪ್ಪುತ್ತಿತ್ತು.

ಪ್ರಶ್ನೆ: ಟೀ (ಚೆಂಡು ಇಡುವ ಸಣ್ಣ ಗೂಟ) ಮೇಲಿಂದ ಚೆಂಡು ಬಿದ್ದರೆ?

ಉತ್ತರ: ಹೋಲ್‌ನ ಮೊದಲ ಹೊಡೆತಕ್ಕೆ ಮುಂಚೆಯಾದರೆ ಏನೂ ಇಲ್ಲ, ಮತ್ತೆ ಟೀ ಮೇಲಿಡಿ, ನೀವೇ ತಾಗಿಸಿ ಬೀಳಿಸಿದ್ದರೂ ಅಷ್ಟೇ. ಆದರೆ ಬೀಳುತ್ತಿರುವಾಗ ಕ್ಲಬ್ ಬೀಸಿಬಿಟ್ಟರೆ, ತಾಗಲಿ ಬಿಡಲಿ, ಅದು ಒಂದು ಸ್ಟ್ರೋಕ್. ಬೇರೆಡೆ ಬ್ಯಾಕ್‌ಸ್ವಿಂಗ್ (ಹೊಡೆಯಲು ಕ್ಲಬ್ ಹಿಂದಕ್ಕೆ ಎತ್ತುವುದು) ಶುರುವಾದ ಮೇಲೆ ಚೆಂಡು ಸರಿದು ನೀವು ಹೊಡೆದೇಬಿಟ್ಟರೆ ವಾಪಸ್ ಇಡುವ ಹಾಗಿಲ್ಲ. ಅದು ಹೋಗಿ ನಿಂತಲ್ಲಿಂದಲೇ ಮುಂದಿನ ಆಟ. ಸರಿಯಲು ನೀವೇ ಕಾರಣವಾಗಿದ್ದರೆ, ಗ್ರೀನ್ ಹೊರತು, ಒಂದು ಸ್ಟ್ರೋಕ್ ಕೂಡಿಸಿಕೊಳ್ಳಿ.