ಬಟ್ಟೆ ತಿರುಗಿಸಿ ತೋರಿಸಿ

ಕೈಕೆಲಸ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಐದು ವರ್ಷದಿಂದ ಕಸೂತಿ ಹಾಕುತ್ತಿದ್ದೇನೆ. ದುಪಟ್ಟಾ, ಬ್ಲೌಸ್ ಪೀಸ್, ಕೈಚೀಲ ಮಾಡಿ ಪರಿಚಯದವರಿಗೆ ಮಾರುತ್ತಿದ್ದೆ. ಈ ಸಲ ಧೈರ್ಯ ಮಾಡಿ ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ ನಾಲ್ಕು ದಿನಕ್ಕೆ ಮಳಿಗೆ ಹಿಡಿದೆ. ಬಾಡಿಗೆ 8,000 ರೂಪಾಯಿ. ರೈಲು, ಆಟೊ, ಊಟ ಎಲ್ಲ ಸೇರಿ ಇನ್ನೂ 3,200. ಆಷಾಢದ ಮಳೆ, ಜನವೇ ಇಲ್ಲ. ಬಂದವರು ‘ತುಂಬಾ ಚೆನ್ನಾಗಿದೆ’ ಅಂದು ಮುಂದೆ ಹೋದರು. ಎದುರಿನ ಮಳಿಗೆಯಲ್ಲಿ ಮಷೀನ್ ಎಂಬ್ರಾಯಿಡರಿಯ ದುಪಟ್ಟಾ 350ಕ್ಕೆ ಮಾರುತ್ತಿದ್ದರು. ನನ್ನದು 1,400. ಕೊನೆಯ ದಿನ 700ಕ್ಕೆ ಇಳಿಸಿದೆ. ಒಟ್ಟು ವ್ಯಾಪಾರ 6,150. ಮನೆಯಲ್ಲಿ ‘ಇನ್ನು ಸಾಕು’ ಅಂತಿದ್ದಾರೆ. ಮೊದಲೇ ಬೆಲೆ ಕಡಿಮೆ ಇಡಬೇಕಿತ್ತಾ? ಬಿಟ್ಟುಬಿಡಲಾ?
– ಹೆಸರು ಬೇಡ ಎಂದಿರುವ ಓದುಗರು, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. 700ಕ್ಕೆ ಇಳಿಸಿದೆ ಅನ್ನುವ ಸಾಲಿಗೆ ಬಂದಾಗ ಕರುಳು ಚುರುಕ್ ಅಂತು. ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ.

ನಾನು ಧಾರವಾಡದಿಂದ ಹೊರಗೆ ಮೊದಲ ಸಲ ಮಳಿಗೆ ಹಾಕಿದ್ದು 2003ರಲ್ಲಿ. ಒಂದು ಕಪ್ಪು ಚಂದ್ರಕಾಳಿ ಸೀರೆ ಒಯ್ದಿದ್ದೆ. ಸೆರಗಿನಲ್ಲಿ ಗೋಪುರ, ಆನೆ, ತುಳಸಿ ಕಟ್ಟೆ. ಎರಡು ತಿಂಗಳು ಕೂತು ಹಾಕಿದ್ದು. 3,200 ಅಂತ ಚೀಟಿ ಅಂಟಿಸಿದ್ದೆ. ಕೊನೆಯ ದಿನ ಸಂಜೆ, ಗಂಟು ಕಟ್ಟುವ ಹೊತ್ತಿಗೆ, ಹೊತ್ತುಕೊಂಡು ಹೋಗುವುದಕ್ಕಿಂತ ಮೇಲು ಅಂತ 1,500ಕ್ಕೆ ಕೊಟ್ಟೆ. ಕೊಟ್ಟು ದುಡ್ಡು ಎಣಿಸುವಾಗ ಪಕ್ಕದಲ್ಲಿ ಒಬ್ಬ ಮೇಡಂ ನಿಂತಿದ್ದರು. ಮೊದಲನೇ ದಿನವೇ ನನ್ನ ಹತ್ತಿರ ಒಂದು ಮಾತೂ ಚೌಕಾಸಿ ಮಾಡದೆ 2,000ಕ್ಕೆ ಸೀರೆ ತಗೊಂಡವರು. ತಂಗಿಗೂ ಕೊಡಿಸೋಣ ಅಂತ ಕರೆದುಕೊಂಡು ಬಂದಿದ್ದರು. ‘ಹಾಗಾದ್ರೆ ಮೊನ್ನೆ ನನಗೆ ಹೇಳಿದ ರೇಟು ಏನು?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಏನೂ ತಗೊಳ್ಳದೆ ಹೋದರು.

ಅವತ್ತಿನಿಂದ ಮೇಳದ ಕೊನೆಯ ದಿನ ನಾನು ಬೆಲೆ ಇಳಿಸಿಲ್ಲ. ಮಾರಾಟವಾಗದ ಸೀರೆ ಪೆಟ್ಟಿಗೆಯಲ್ಲಿ ಇರುತ್ತದೆ, ಮುಂದಿನ ಸಲ ಹೋಗುತ್ತದೆ. ಅರ್ಧ ಬೆಲೆಗೆ ಕೊಟ್ಟರೆ ಆಮೇಲೆ ಅದೇ ನಮ್ಮ ಬೆಲೆ ಅಂತ ಆಗಿಬಿಡುತ್ತದೆ.

ಈಗ ನಿಮ್ಮ ಲೆಕ್ಕ ನೋಡೋಣ. ಖರ್ಚು 11,200. ಮಾರಿದ ಮಾಲಿನಲ್ಲಿ ಬಟ್ಟೆ, ದಾರಕ್ಕೆ ನೂರಕ್ಕೆ 30 ರೂಪಾಯಿ ಹೋಗಿದೆ ಅಂತ ಇಟ್ಟುಕೊಳ್ಳಿ. ಉಳಿಯೋದು 70. ಹಾಗಾದರೆ 16,000 ವ್ಯಾಪಾರ ಆದರೆ ಮಾತ್ರ ನಿಮ್ಮ ಕೈಯಿಂದ ಹೋಗುವುದಿಲ್ಲ. ಆಗಲೂ ಹೊಲಿದ ಗಂಟೆಗಳಿಗೆ ಒಂದು ಪೈಸೆಯೂ ಸಿಕ್ಕಿರುವುದಿಲ್ಲ. ನಾಲ್ಕು ದಿನದಲ್ಲಿ 16,000 ಅಂದರೆ ದಿನಕ್ಕೆ 4,000. ಮಳೆಯಲ್ಲಿ, ಹೊಸಬರಿಗೆ, ಗುರುತಿಲ್ಲದ ಜಾಗದಲ್ಲಿ ಅದು ಕಷ್ಟ. ನಿಮ್ಮ ಕೆಲಸ ಸೋತಿಲ್ಲ ತಂಗಿ. ಆ ಬಾಡಿಗೆ, ಆ ತಿಂಗಳು ನಿಮಗೆ ಹೊಂದುತ್ತಿರಲಿಲ್ಲ, ಅಷ್ಟೇ. ಮುಂದೆ ಬಾಡಿಗೆ ಕೇಳಿದ ಕೂಡಲೇ ಈ ಲೆಕ್ಕ ಕಾಗದದ ಮೇಲೆ ಹಾಕಿ. ಆಮೇಲೆ ಹೂಂ ಅನ್ನಿ.

ಆಷಾಢದ ಮಾತು ಹೇಳಲೇಬೇಕು. ಆ ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಟ್ಟೆ ಅಂಗಡಿಗಳೆಲ್ಲ ರಿಯಾಯಿತಿ ಬೋರ್ಡ್ ಹಾಕಿರುತ್ತವೆ. ಜನ ಅದೇ ಕಣ್ಣಿಟ್ಟುಕೊಂಡು ಮೇಳಕ್ಕೂ ಬರುತ್ತಾರೆ. ಶ್ರಾವಣ ಹುಟ್ಟಿದ ಮೇಲೆ ನೋಡಿ. ವರಮಹಾಲಕ್ಷ್ಮಿ, ಗೌರಿ ಹಬ್ಬ ಅಂತ ಉಡಿ ತುಂಬಲು, ಬಾಗಿನ ಕೊಡಲು ಬ್ಲೌಸ್ ಪೀಸ್ ಬೇಕೇ ಬೇಕು. ಮೇಳದ ತಾರೀಖನ್ನೂ ನೋಡಿ. ತಿಂಗಳ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಸಂಬಳದ ಮನೆಯವರಿಗೆ ಗೊತ್ತೇ ಇದೆ.

ಇನ್ನು ಆ 350 ರೂಪಾಯಿ ದುಪಟ್ಟಾ. ಬೆಲೆಯಲ್ಲಿ ಅದರ ಜೊತೆ ಸ್ಪರ್ಧೆಗೆ ಇಳಿಯಬೇಡಿ. ನೀವು ಮಾಡಬೇಕಾದ ಕೆಲಸ ಬೇರೆ. ಬಟ್ಟೆ ತಿರುಗಿಸಿ ತೋರಿಸಿ.

ಕಸೂತಿಯಲ್ಲಿ ಗವಂತಿ ಅನ್ನುವ ಗೆರೆ ಹೊಲಿಗೆಯನ್ನು ನಾವು ಹೇಗೆ ಹಾಕುತ್ತೇವೆ? ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಬಿಟ್ಟು ಮುಂದೆ ಹೋಗುತ್ತೇವೆ, ವಾಪಸ್ ಬರುವಾಗ ಖಾಲಿ ಬಿಟ್ಟ ಜಾಗ ತುಂಬುತ್ತೇವೆ. ಗಂಟು ಹಾಕುವುದಿಲ್ಲ. ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುವುದೇ ನಮ್ಮ ನಕ್ಷೆ. ಹಾಗಾಗಿ ಗವಂತಿ, ಮೆಟ್ಟಿಲಿನಂತೆ ಹೋಗುವ ಮುರ್ಗಿ ಹೊಲಿಗೆ ಎರಡೂ ಒಳಬದಿ ಹೊರಬದಿ ಒಂದೇ ಥರ ಕಾಣುತ್ತವೆ. ಮಷೀನ್ ಕೆಲಸ ತಿರುಗಿಸಿದರೆ ಬಾಬಿನ್ ದಾರ ಕಾಣುತ್ತದೆ, ಎಷ್ಟೋ ಸಲ ಬಟ್ಟೆಯ ಅಡಿಗೆ ಇಟ್ಟು ಹೊಲಿದ ಕಾಗದವೂ ಅಂಟಿಕೊಂಡಿರುತ್ತದೆ. ಇದನ್ನು ನಾವು ಬಾಯಲ್ಲಿ ಹೇಳಬೇಕಾಗಿಲ್ಲ. ಪಕ್ಕದವರ ಮಾಲನ್ನು ಹೀಗಳೆಯುವುದೂ ಬೇಡ, ಅವರದೂ ಹೊಟ್ಟೆಪಾಡು. ನಮ್ಮ ದುಪಟ್ಟಾದ ಒಳಬದಿಯನ್ನೇ ಮೇಲೆ ಮಾಡಿ ತೂಗುಹಾಕಿ. ಬಂದವರು ‘ಇದ್ಯಾಕೆ ಉಲ್ಟಾ ಹಾಕಿದ್ದೀರಿ?’ ಅಂತ ಕೇಳುತ್ತಾರೆ. ‘ಯಾವುದು ಉಲ್ಟಾ, ನೀವೇ ಹುಡುಕಿ’ ಅಂತ ಅವರ ಕೈಗೆ ಕೊಡಿ. ಹುಡುಕುವುದಕ್ಕೆ ಎರಡು ನಿಮಿಷ ಬೇಕು. ಆ ಎರಡು ನಿಮಿಷದಲ್ಲಿ 1,400 ಯಾಕೆ ಅನ್ನುವುದು ಅವರಿಗೆ ಅರ್ಥವಾಗಿರುತ್ತದೆ.

ಜನ ಇಲ್ಲದಾಗ ಮೊಬೈಲ್ ಹಿಡಿದು ಕೂರಬೇಡಿ. ಸೂಜಿ ಹಿಡಿದು ಕೂರಿ. ಮಳಿಗೆಯ ಮುಂಭಾಗಕ್ಕೆ, ಬೆಳಕಿರುವ ಕಡೆಗೆ ಕುರ್ಚಿ ಎಳೆದುಕೊಳ್ಳಿ. ಸುಮ್ನೆ ಕೂತು ದಾರಿ ನೋಡುವವರ ಮಳಿಗೆಗೆ ಬರಲು ಜನ ಹಿಂಜರಿಯುತ್ತಾರೆ, ಬಂದರೆ ತಗೊಳ್ಳಲೇಬೇಕೇನೋ ಅನ್ನುವ ಸಂಕೋಚ. ಹೊಲಿಯುತ್ತಾ ಕೂತವರ ಹತ್ತಿರ ಬಗ್ಗಿ ನೋಡುತ್ತಾರೆ. ಮಕ್ಕಳಂತೂ ನಿಂತೇಬಿಡುತ್ತಾರೆ, ಮಕ್ಕಳು ನಿಂತರೆ ತಾಯಂದಿರೂ ನಿಲ್ಲಬೇಕು. ವ್ಯಾಪಾರ ಆಗದಿದ್ದರೂ ನಾಲ್ಕು ದಿನದಲ್ಲಿ ಒಂದು ಬ್ಲೌಸ್ ಪೀಸ್ ಮುಗಿದಿರುತ್ತದೆ.

ನಿಮ್ಮ ಪತ್ರದಲ್ಲಿ ಇನ್ನೊಂದು ಗಮನಿಸಿದೆ. ನೀವು ಬರೆದ ಮಾಲಿನಲ್ಲಿ ನೂರು, ನೂರೈವತ್ತಕ್ಕೆ ಸಿಗುವಂಥದ್ದು ಏನೂ ಕಾಣಲಿಲ್ಲ. ಇಷ್ಟಪಟ್ಟವರೂ ಬರಿಗೈಲಿ ಹೋಗಿರಬೇಕು. ಒಂದೇ ಒಂದು ಗೋಪುರ ಇರುವ ಪುಸ್ತಕದ ಗುರುತುಪಟ್ಟಿ ಮಾಡಿ. ಮುಕ್ಕಾಲು ಗಂಟೆ ಸಾಕು. ಕೂಸುಗಳ ತಲೆಗೆ ಹಾಕುವ ಕುಂಚಿಗೆ ಮಾಡಿ. ಧಾರವಾಡದ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಆದರೆ ಬರುವುದು ಬೀಜ, ಯಂತ್ರ ನೋಡುವುದಕ್ಕೆ. ಅಲ್ಲಿ ನನ್ನ ಸೀರೆಯನ್ನು ಯಾರೂ ಮುಟ್ಟಲಿಲ್ಲ. ಕುಂಚಿಗೆ ಮಾತ್ರ ಹನ್ನೊಂದು ಹೋದವು. ಹಳ್ಳಿಯ ಅಜ್ಜಿಯರು ಕೈಯಲ್ಲಿ ಹಿಡಿದು, ‘ಇದು ನಮ್ಮವ್ವ ಹಾಕ್ತಿದ್ಲು’ ಅಂತ ಗವಂತಿಯ ಮೇಲೆ ಬೆರಳಾಡಿಸುತ್ತಿದ್ದರು. ಮೊಮ್ಮಗುವಿನ ತೊಟ್ಟಿಲಿಗೆ ಅಂತ ತಗೊಂಡು ಹೋದರು. ಅವರಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಒಂದು ಉದ್ದ ನೋಟ್‌ಬುಕ್ ಇಡಿ. ‘ಚೆನ್ನಾಗಿದೆ’ ಅಂದವರನ್ನು ಹಾಗೇ ಕಳಿಸಬೇಡಿ. ‘ನಿಮ್ಮ ಬಣ್ಣದಲ್ಲಿ ಬೇಕಾದರೆ ಹಾಕಿಕೊಡ್ತೀನಿ, ನಿಮ್ಮದೇ ಸೀರೆ ಕೊಟ್ಟರೂ ಆಗುತ್ತೆ’ ಅನ್ನಿ. ಹೆಸರು, ಫೋನ್ ನಂಬರ್, ಯಾವ ಹಬ್ಬಕ್ಕೆ ಬೇಕು ಅಂತ ಬರೆದುಕೊಳ್ಳಿ. ಅರ್ಧ ಮುಂಗಡ ಬಂದ ಮೇಲೆ ಸೂಜಿ ಎತ್ತಿ. ನನ್ನ ವರ್ಷದ ಗಳಿಕೆಯಲ್ಲಿ ಮೇಳದ ನಾಲ್ಕು ದಿನದ ವ್ಯಾಪಾರಕ್ಕಿಂತ ಆ ನೋಟ್‌ಬುಕ್ಕಿನಿಂದ ಬಂದದ್ದೇ ಜಾಸ್ತಿ. ಜನ ಕಡಿಮೆ ಇರುವ ಮೇಳದಲ್ಲಿ ಇದಕ್ಕೆ ಪುರುಸೊತ್ತೂ ಇರುತ್ತದೆ. ಗದ್ದಲದಲ್ಲಿ ಅಳತೆ ಯಾರು ಕೇಳುತ್ತಾರೆ?

ಬಿಡಬೇಡಿ. ಆದರೆ ಮುಂದಿನ ಸಲ ಇಡೀ ಮಳಿಗೆ ಒಬ್ಬರೇ ಹಿಡಿಯಬೇಡಿ. ಕೌದಿ ಹೊಲಿಯುವವರೋ, ಲಂಬಾಣಿ ಕಸೂತಿಯವರೋ ಒಬ್ಬರನ್ನು ಜೊತೆ ಮಾಡಿಕೊಳ್ಳಿ, ಬಾಡಿಗೆ ಅರ್ಧವಾಗುತ್ತದೆ. ಹಂಚಿಕೊಳ್ಳಲು ಆಯೋಜಕರು ಒಪ್ಪುತ್ತಾರಾ ಅಂತ ಮೊದಲೇ ಕೇಳಿ. ಒಬ್ಬರು ಊಟಕ್ಕೆ ಹೋದಾಗ ಇನ್ನೊಬ್ಬರು ನೋಡಿಕೊಳ್ಳಬಹುದು. ಕೇಂದ್ರ ಸರ್ಕಾರದ ಕರಕುಶಲ ಇಲಾಖೆ ಕೊಡುವ ಕುಶಲಕರ್ಮಿ ಗುರುತಿನ ಚೀಟಿ ಮಾಡಿಸಿಕೊಂಡಿಲ್ಲದಿದ್ದರೆ ಮಾಡಿಸಿ. ‘ಪಹಚಾನ್’ ಅಂತಾರೆ. ಸರ್ಕಾರಿ ಮೇಳಗಳಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ. ಆ 700ಕ್ಕೆ ಹೋದ ದುಪಟ್ಟಾಗಳ ಲೆಕ್ಕವನ್ನು ಮನಸ್ಸಿನಿಂದ ತೆಗೆದುಹಾಕಿ, ಉಳಿದವಕ್ಕೆ ಮತ್ತೆ 1,400ರ ಚೀಟಿ ಅಂಟಿಸಿ.

ಪ್ರಶ್ನೆ: ನಮ್ಮದು ಚನ್ನಪಟ್ಟಣದ ಗೊಂಬೆ. ಮೇಳಗಳಲ್ಲಿ ಬೇರೆ ಎಲ್ಲಿಂದಲೋ ತಂದ ಬಣ್ಣದ ಗೊಂಬೆಗಳನ್ನು ನಮ್ಮೂರಿನದು ಅಂತಲೇ ಮಾರುತ್ತಾರೆ. ಇರುವ ನಾಲ್ಕು ಗಿರಾಕಿಗಳೂ ಅಲ್ಲಿಗೇ ಹೋಗುತ್ತಾರೆ. ಏನು ಮಾಡುವುದು?
– ಒಬ್ಬ ಕುಶಲಕರ್ಮಿ, ರಾಮನಗರ ಕಡೆಯವರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಚನ್ನಪಟ್ಟಣದ ಗೊಂಬೆಗೂ ನಮ್ಮ ಕಸೂತಿಗೂ ಜಿಐ ಗುರುತು, ಅಂದರೆ ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು ಇದೆ. ಆ ಹೆಸರಿನಲ್ಲಿ ಬೇರೆಯದನ್ನು ಮಾರುವುದು ತಪ್ಪು ಅಂತ ಆಯೋಜಕರಿಗೆ ಬರೆದು ಕೊಡಿ, ಬಾಯಿಮಾತು ಬೇಡ. ಆದರೆ ಗಿರಾಕಿಯ ಮುಂದೆ ಜಗಳ ಮಾಡಬೇಡಿ. ಮರ ತಿರುಗಿಸುವ ಚಿಕ್ಕ ಲೇತ್ ಯಂತ್ರ ಒಯ್ಯಲು ಜಾಗ, ಕರೆಂಟ್ ಕೊಡುತ್ತಾರಾ ಕೇಳಿ. ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಆ ಬಿಸಿಗೆ ಬಣ್ಣ ಕರಗಿ ಹತ್ತುವುದು, ಆಮೇಲೆ ತಾಳೆಗರಿ (ಕೇದಗೆಯ ಎಲೆ) ಹಿಡಿದು ಹೊಳಪು ತರಿಸುವುದು, ಇದನ್ನು ಒಂದು ಸಲ ನೋಡಿದವರು ಮರೆಯುವುದಿಲ್ಲ. ಲೇತ್ ಆಗದಿದ್ದರೆ ಬಣ್ಣ ಹಾಕದ ಗೊಂಬೆ, ಅರ್ಧ ಬಣ್ಣದ್ದು, ಪೂರ್ತಿ ಆದದ್ದು ಮೂರನ್ನೂ ಒಂದೇ ಸಾಲಿನಲ್ಲಿ ಇಡಿ. ಪಕ್ಕದಲ್ಲೇ ಅರಗಿನ ಕಡ್ಡಿಗಳನ್ನೂ ಇಡಿ. ತಂದು ಮಾರುವವರ ಹತ್ತಿರ ಬಣ್ಣ ಹಾಕದ ಗೊಂಬೆ ಇರುವುದಿಲ್ಲ.

ಪ್ರಶ್ನೆ: ಜನ ಫೋಟೊ ತೆಗೆದುಕೊಂಡು ಹೋಗುತ್ತಾರೆ, ಕೊಳ್ಳುವುದಿಲ್ಲ. ಫೋಟೊ ಬೇಡ ಅಂತ ಬೋರ್ಡ್ ಹಾಕಲಾ?
– ಮಣ್ಣಿನ ಒಡವೆ ಮಾಡುವವರು, ಶಿವಮೊಗ್ಗ

ಉತ್ತರ: ಬೇಡ. ಬೋರ್ಡ್ ನೋಡಿದ ಕೂಡಲೇ ಒಳ್ಳೆಯ ಗಿರಾಕಿಯೂ ಹಿಂದೆ ಸರಿಯುತ್ತಾರೆ. ನಿಮ್ಮ ಹೆಸರು, ಊರು, ನಂಬರ್ ಬರೆದ ಚೀಟಿಯನ್ನು ಒಡವೆಯ ಪಕ್ಕದಲ್ಲೇ ಇಡಿ, ಫೋಟೊದಲ್ಲಿ ಅದೂ ಬರುವ ಹಾಗೆ. ನಕಲು ಮಾಡಬಾರದು ಅನ್ನಿಸುವ ಹೊಸ ವಿನ್ಯಾಸ ಇದ್ದರೆ ಅದನ್ನು ಡಬ್ಬಿಯಲ್ಲಿಡಿ. ಕೂತು ಮಾತಾಡಿದವರಿಗೆ ಮಾತ್ರ ತೆಗೆದು ತೋರಿಸಿ.