‘ಕುಸಿಯಿತು’ ಎಂದು ಬರೆದವರಿಗೆ

ಪ್ರಿಯ ಲೇಖಕರೇ,

‘ನನ್ನ ಮೈಸೂರು ಎಲ್ಲಿ ಹೋಯಿತು?’ ಎಂಬ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆ, ಎರಡು ಗಡಿಯಾರಗಳ ನಡುವೆ ಕಳೆದ ನಿಮ್ಮ ಬಾಲ್ಯ, ಈಗ ಊರಿಗೆ ಹೋದಾಗ ಆಗುವ ಸಂಕಟ ಎರಡೂ ಅದರಲ್ಲಿವೆ. ಈಗಿರುವ ಹಾಗೆ ಅದನ್ನು ಅಚ್ಚು ಹಾಕಲಾರೆ. ಆದರೆ ‘ಸ್ಥಳಾಭಾವ’ ಎಂಬ ಒಂದು ಪದ ಬರೆದು ಹಿಂದಿರುಗಿಸಲೂ ಮನಸ್ಸು ಒಪ್ಪಲಿಲ್ಲ.

ನಿಮ್ಮ ಕಾಗುಣಿತ ಶುದ್ಧವಾಗಿದೆ. ವಾಕ್ಯಗಳು ತೊಡಕಿಲ್ಲದೆ ಸಾಗುತ್ತವೆ. ಊರಿನ ಮೇಲಿನ ಪ್ರೀತಿ ನಿಜವಾದದ್ದು. ಇನ್ನು ನನ್ನನ್ನು ಕಾಡಿದ ಸಂಗತಿಗೆ ಬರುತ್ತೇನೆ.

ಮೂರನೆಯ ಪುಟದಲ್ಲಿ ನೀವು ಬರೆದಿದ್ದೀರಿ: “ಕಾಲನ ಹೊಡೆತಕ್ಕೆ ಸಿಕ್ಕ ಲ್ಯಾನ್ಸ್‌ಡೌನ್ ಕಟ್ಟಡ ಒಂದು ದಿನ ಮೌನವಾಗಿ ಕುಸಿಯಿತು.” ಈ ಸಾಲಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಮೌನವಾಗಿ? 2012ರ ಆಗಸ್ಟ್ 25ರಂದು ಆ ಕಟ್ಟಡದ ಒಂದು ಭಾಗ ಬಿದ್ದಾಗ ನಾಲ್ವರು ಸತ್ತರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಊರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಆ ಸಾಲಿನಲ್ಲಿ ಪುಸ್ತಕದಂಗಡಿಗಳಿದ್ದವು ಎಂದು ನೀವೇ ಎರಡು ಪ್ಯಾರಾ ಹಿಂದೆ ಬರೆದಿದ್ದೀರಿ. ಜನ ದಿನವೂ ಹೋಗಿಬರುತ್ತಿದ್ದ ಜಾಗ ಅದು. ಅಲ್ಲಿ ಆದ ಸಾವನ್ನು ನಿಮ್ಮ ವಾಕ್ಯ ‘ಮೌನವಾಗಿ’ ಎಂಬ ಒಂದು ಕ್ರಿಯಾವಿಶೇಷಣದ ಅಡಿಯಲ್ಲಿ ಹೂತುಬಿಟ್ಟಿದೆ. ನಿಮಗೆ ಆ ಉದ್ದೇಶ ಇರಲಿಲ್ಲ, ಗೊತ್ತು. ವಾಕ್ಯದ ಲಯ ನಿಮ್ಮ ಕೈಯಿಂದ ಅದನ್ನು ಬರೆಸಿತು.

ಆಮೇಲೆ ಪೆನ್ಸಿಲ್ ಹಿಡಿದು ಪ್ರಬಂಧದ ಉದ್ದಕ್ಕೂ ಕ್ರಿಯಾಪದಗಳಿಗೆ ಗೆರೆ ಎಳೆದೆ. ‘ಮಾಯವಾಯಿತು’ ಒಂಬತ್ತು ಸಲ ಬಂದಿದೆ. ‘ಮರೆಯಾಯಿತು’ ಆರು, ‘ಮಾಸಿತು’ ನಾಲ್ಕು, ‘ಕಳೆದುಹೋಯಿತು’ ಐದು. ಈ ಇಪ್ಪತ್ತನಾಲ್ಕು ವಾಕ್ಯಗಳಲ್ಲಿ ಒಂದರಲ್ಲೂ ಕೆಲಸ ಮಾಡಿದವರಿಲ್ಲ.

ನಮ್ಮ ಭಾಷೆ ಇದಕ್ಕೆ ತುಂಬ ಅನುಕೂಲ ಮಾಡಿಕೊಡುತ್ತದೆ. ಬಿದ್ದಿತು–ಬೀಳಿಸಿದರು, ಉರುಳಿತು–ಉರುಳಿಸಿದರು, ಕದಲಿತು–ಕದಲಿಸಿದರು, ಬದಲಾಯಿತು–ಬದಲಾಯಿಸಿದರು. ಪ್ರತಿ ಜೋಡಿಯಲ್ಲೂ ಮೊದಲನೆಯದು ನಾಲಿಗೆಗೆ ಹಗುರ, ಮನಸ್ಸಿಗೂ ಹಗುರ. ಹಳೆಯ ಊರಿನ ಬಗ್ಗೆ ಬರೆಯುವವರೆಲ್ಲ ಆ ಮೊದಲನೆಯ ಸಾಲಿನಿಂದಲೇ ಪದ ಹೆಕ್ಕುತ್ತಾರೆ. ಓದುಗ ನಿಟ್ಟುಸಿರು ಬಿಡುತ್ತಾನೆ, ಪುಟ ತಿರುವುತ್ತಾನೆ. ಊರಿಗೆ ಏನಾಯಿತು ಎಂಬುದು ಅವನಿಗೆ ತಿಳಿದಿರುವುದಿಲ್ಲ.

ನಾನು ಪತ್ರಿಕೆಯ ಮೇಜಿನಲ್ಲಿ ಕೆಲಸ ಕಲಿತದ್ದು ಅಚ್ಚಿನ ಮೊಳೆ ಜೋಡಿಸುವ ಕಾಲದ ಕೊನೆಯಲ್ಲಿ. ನಮಗೆ ಕಲಿಸಿದ ಹಿರಿಯರು ಪ್ರತಿಯ ಎಡ ಅಂಚಿನಲ್ಲಿ ಎರಡೇ ಪ್ರಶ್ನೆ ಬರೆಯುತ್ತಿದ್ದರು: ‘ಯಾರು?’, ‘ಏತರಿಂದ?’. ಕರ್ತೃ ಇಲ್ಲದ ಕ್ರಿಯಾಪದಕ್ಕೆ ಮೊದಲನೆಯದು, ಕಾರಣವಿಲ್ಲದ ಬದಲಾವಣೆಗೆ ಎರಡನೆಯದು. ಎರಡಕ್ಕೂ ಉತ್ತರ ಬರೆಯುವವರೆಗೆ ಪ್ರತಿ ಅಚ್ಚಿಗೆ ಹೋಗುತ್ತಿರಲಿಲ್ಲ. ನಿಮ್ಮ ಪುಟಗಳ ಅಂಚಿನಲ್ಲೂ ನಾನು ಬರೆದಿರುವುದು ಅವನ್ನೇ.

ಕಟ್ಟಡದ ವಿಷಯದಲ್ಲಿ ‘ಏತರಿಂದ?’ ಎಂಬುದಕ್ಕೆ ‘ಕಾಲ’ ಎನ್ನುವುದು ಉತ್ತರವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಮ್ಮ ಕಡೆ ಕಟ್ಟಿದ ಇಂಥ ಕಟ್ಟಡಗಳಿಗೆ ಹಾಕುತ್ತಿದ್ದುದು ಹೆಚ್ಚಾಗಿ ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಒಂದು, ಒಂದೂವರೆ ಅಡಿಗೊಂದರಂತೆ ಜಂತಿ. ಜಂತಿಗಳ ಮೇಲೆ ಒಂದಂಗುಲ ದಪ್ಪದ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಮೂರು ಅಂಗುಲದಷ್ಟು ಇಟ್ಟಿಗೆ ಜಲ್ಲಿ, ಸುಣ್ಣ. ಬೆಲ್ಲ, ಅಳಲೆಕಾಯಿ ನೆನೆಹಾಕಿದ ನೀರನ್ನು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಾರೆ. ಕೊಡತಿ ಪುಟಿಯುವಷ್ಟು ಗಟ್ಟಿಯಾದ ಮೇಲೆ ಚಪ್ಪಟೆ ಹೆಂಚು, ಕೊನೆಗೆ ಗಾರೆ. ನೀರು ಹರಿದುಹೋಗಲು ಒಂದು ಕಡೆಗೆ ವಾಟ ಕೊಟ್ಟಿರುತ್ತಾರೆ.

ನೀರು ನಿಲ್ಲದಿದ್ದರೆ ಇಂಥ ಮಾಡು ನೂರು ವರ್ಷ ದಾಟುತ್ತದೆ. ಕೆಡುವುದು ನೀರು ಹೋಗುವ ದೋಣಿಯಲ್ಲಿ ಎಲೆ, ಕಸ ಕಟ್ಟಿಕೊಂಡಾಗ. ಹಕ್ಕಿ ಉದುರಿಸಿದ ಅರಳಿ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಮೇಲಿನ ಗಿಡವನ್ನು ಕತ್ತರಿಸುತ್ತಾರೆ, ಬೇರು ಒಳಗೇ ಉಳಿದು ದಪ್ಪವಾಗುತ್ತದೆ. ಬಿರುಕಿನಿಂದ ಇಳಿದ ನೀರು ಗೋಡೆಯೊಳಗೆ ಹೂತಿರುವ ಜಂತಿಯ ತುದಿಯನ್ನು ಹಿಡಿಯುತ್ತದೆ. ಕೆಳಗಿನಿಂದ ನೋಡಿದರೆ ಜಂತಿ ಭದ್ರವಾಗಿಯೇ ಕಾಣುತ್ತದೆ, ಕೊಳೆತಿರುವುದು ಕಣ್ಣಿಗೆ ಬೀಳದ ಆ ಗೇಣುದ್ದ. ಸೋರುತ್ತದೆಂದು ಯಾರೋ ಮೇಲೊಂದು ಪದರ ಸಿಮೆಂಟ್ ಬಳಿಸುತ್ತಾರೆ. ಸುಣ್ಣದ ಗಾರೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಕೊಳೆಯುವುದು ಇನ್ನೂ ಚುರುಕಾಗುತ್ತದೆ, ಮೇಲಿನ ಭಾರವೂ ಹೆಚ್ಚುತ್ತದೆ.

ಈ ಇಡೀ ದಾರಿಯಲ್ಲಿ ಎಷ್ಟು ಕಡೆ ಮನುಷ್ಯರಿದ್ದಾರೆ ನೋಡಿ. ದೋಣಿ ಗುಡಿಸದವರು, ಗಿಡದ ತಲೆ ಮಾತ್ರ ಕತ್ತರಿಸಿದವರು, ಸಿಮೆಂಟ್ ಬಳಿದವರು, ಬಳಿಯಲು ಹೇಳಿದವರು, ದುರಸ್ತಿಯ ಕಡತವನ್ನು ಮುಂದಿನ ವರ್ಷಕ್ಕೆ ತಳ್ಳಿದವರು. ಇವರಲ್ಲಿ ಒಬ್ಬರಾದರೂ ನಿಮ್ಮ ಪ್ರಬಂಧದೊಳಗೆ ಬರಬೇಕು. ಅದಕ್ಕಾಗಿ ನೀವು ಹಳೆಯ ಗಾರೆಕೆಲಸದವರೊಬ್ಬರನ್ನು ಕರೆದುಕೊಂಡು ಹೋಗಿ, ರಸ್ತೆಯ ಆ ಬದಿಯಲ್ಲಿ ನಿಂತು, ಮಾಡಿನ ಅಂಚನ್ನು ಅವರ ಕಣ್ಣಿನಿಂದ ನೋಡಬೇಕು.

ದೇವರಾಜ ಮಾರುಕಟ್ಟೆಯ ಬಗ್ಗೆಯೂ ಇದೇ ತಕರಾರು. “ಮಾರುಕಟ್ಟೆಯ ಸೊಬಗು ಮಾಸಿತು” ಎಂದಿದ್ದೀರಿ. 2016ರ ಆಗಸ್ಟಿನಲ್ಲಿ, ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆಯ ಕಡೆಯ ಬಾಗಿಲ ಭಾಗ ಬಿತ್ತು. ಅಂದಿನಿಂದ ಕೆಡವಿ ಹೊಸದಾಗಿ ಕಟ್ಟುವುದೋ, ಇರುವುದನ್ನೇ ಭದ್ರಪಡಿಸುವುದೋ ಎಂಬ ವಾದ ಹೈಕೋರ್ಟಿನವರೆಗೆ ಹೋಯಿತು. ಕಟ್ಟಡ ಪಾಲಿಕೆಯದು, ಅಂಗಡಿಯವರು ಬಾಡಿಗೆದಾರರು. ಎಂಟುನೂರಕ್ಕೂ ಹೆಚ್ಚು ಮಳಿಗೆಗಳ ಬದುಕು ಆ ಒಂದು ಪ್ರಶ್ನೆಗೆ ಕಟ್ಟುಬಿದ್ದಿದೆ. ಇದರಲ್ಲಿ ಒಂದಕ್ಷರವೂ ನಿಮ್ಮಲ್ಲಿಲ್ಲ.

ಇದ್ದದ್ದರಲ್ಲಿ ಒಂದು ತಪ್ಪೂ ಸೇರಿದೆ: “ಅರಸು ಅವರ ಹೆಸರು ಹೊತ್ತ ಮಾರುಕಟ್ಟೆ.” ದೇವರಾಜ ಅರಸು ಹುಟ್ಟಿದ್ದು 1915ರಲ್ಲಿ, ಮುಖ್ಯಮಂತ್ರಿಯಾದದ್ದು 1972ರಲ್ಲಿ. ಮಾರುಕಟ್ಟೆ ಚಾಮರಾಜೇಂದ್ರ ಒಡೆಯರ ಕಾಲದ್ದು, 1886ರದು. ಪಕ್ಕದ ದೇವರಾಜ ಅರಸು ರಸ್ತೆಯ ಹೆಸರನ್ನು ಮಾರುಕಟ್ಟೆಗೂ ಅಂಟಿಸಿಬಿಟ್ಟಿದ್ದೀರಿ. ತನ್ನ ಊರಿನ ಬಗ್ಗೆ ಬರೆಯುವವರು ಬೇಗ ಎಡವುವುದು ಇಂಥಲ್ಲೇ, ಚಿಕ್ಕಂದಿನಿಂದ ಕೇಳಿದ್ದನ್ನು ಪರೀಕ್ಷಿಸಬೇಕೆಂದು ಅನ್ನಿಸುವುದೇ ಇಲ್ಲ.

“ಟಾಂಗಾಗಳು ಮಾಯವಾದವು.” ಮಾಯವಾಗಿಲ್ಲ, ಈಗಲೂ ಅರಮನೆಯ ಸುತ್ತ ಪ್ರವಾಸಿಗರನ್ನು ಹತ್ತಿಸಿಕೊಂಡು ಓಡುತ್ತವೆ. ಬಾಡಿಗೆಗೆ ಮನೆ ಬಾಗಿಲಿಗೆ ಬರುವುದು ನಿಂತಿದೆ, ಅದು ಬೇರೆ ಮಾತು. ಆಟೋ ನಿಂತಿರುವಾಗ ಏನನ್ನೂ ತಿನ್ನುವುದಿಲ್ಲ. ಕುದುರೆಗೆ ಗಿರಾಕಿ ಬರಲಿ ಬಿಡಲಿ ಹುರುಳಿ, ಹುಲ್ಲು ಹಾಕಲೇಬೇಕು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಲಾಳ ಬದಲಿಸಬೇಕು, ನಡುನಡುವೆ ನೀರು ಕುಡಿಸಲು ನೆರಳಿರುವ ನಿಲ್ದಾಣ ಬೇಕು. ಈ ಲೆಕ್ಕವನ್ನು ಟಾಂಗಾದವರ ಬಾಯಲ್ಲೇ ಕೇಳಿ ಒಂದು ಪ್ಯಾರಾ ಬರೆದರೆ ನಿಮ್ಮ ಈಗಿನ ಎರಡು ಪುಟವನ್ನು ತೆಗೆದುಹಾಕಬಹುದು.

ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ. ನಿಮ್ಮ ಮಾರುಕಟ್ಟೆಗೆ ಋತುವೂ ಇಲ್ಲ, ಹೊತ್ತೂ ಇಲ್ಲ. “ಡಿಸೆಂಬರಿನ ಮುಂಜಾವಿನ ಚಳಿಯಲ್ಲಿ ಒಳಗೆ ಕಾಲಿಟ್ಟರೆ ಮೈಸೂರು ಮಲ್ಲಿಗೆ ಘಮ್ಮೆನ್ನುತ್ತಿತ್ತು.” ಮೈಸೂರು ಮಲ್ಲಿಗೆಯ ಸುಗ್ಗಿ ಬೇಸಿಗೆ. ಮಾಗಿಯಲ್ಲಿ ಬುಟ್ಟಿ ತುಂಬುವುದು ಸೇವಂತಿಗೆ, ಕಾಕಡ, ಕನಕಾಂಬರ. ಬೇಸಿಗೆಯೇ ಆದರೂ ನಸುಕಿನಲ್ಲಿ ಬಿಡಿಸಿ ತಂದದ್ದು ಮೊಗ್ಗು. ಅದು ಅರಳುವುದು ಸಂಜೆಗೆ, ಘಮ ಬಿಡುವುದೂ ಆಗಲೇ. ಬೆಳಿಗ್ಗೆ ಏಳು ಗಂಟೆಗೆ ಹೂವಿನ ಸಾಲಿನಲ್ಲಿ ಮೂಗಿಗೆ ಮೊದಲು ಬಡಿಯುವುದು ಒದ್ದೆ ಬಾಳೆಲೆ, ಮರುಗ, ದವನ, ಕಾಲಡಿ ಸಿಕ್ಕಿ ಜಜ್ಜಿಹೋದ ಸೊಪ್ಪು. ಅವುಗಳನ್ನು ಬರೆಯಿರಿ. ‘ಮಲ್ಲಿಗೆಯ ಘಮ’ ನೀವು ಮೂಸಿದ್ದಲ್ಲ, ಓದಿದ್ದು.

“ನೀಲಿ, ಹಸಿರು, ನೇರಳೆ ಕುಂಕುಮದ ಗೋಪುರಗಳು” ಎಂಬ ಸಾಲನ್ನಂತೂ ಪೂರ್ತಿ ಹೊಡೆದುಹಾಕಿದ್ದೇನೆ. ಅರಿಶಿನಕ್ಕೆ ಸುಣ್ಣವೋ ಬಿಳಿಗಾರವೋ ಸೇರಿದರೆ ಕೆಂಪಾಗುತ್ತದೆ, ಕುಂಕುಮದ ಬಣ್ಣ ಬಂದದ್ದು ಹಾಗೆ. ನೀಲಿ, ಹಸಿರು ರಾಶಿಗಳು ರಂಗೋಲಿ ಪುಡಿ. ಹೊರಗಿನಿಂದ ಬಂದವರು ಅವುಗಳ ಪಟ ತೆಗೆದು ಕುಂಕುಮ ಎಂದು ಹೆಸರು ಹಾಕುತ್ತಾರೆ. ಆ ಮಾರುಕಟ್ಟೆಯಿಂದ ಮನೆಗೆ ಕುಂಕುಮ ತಂದವರು ನೀವು, ನಿಮ್ಮ ಕಣ್ಣು ಅವರ ಕ್ಯಾಮೆರಾದ ಹಿಂದೆ ಹೋಗಿ ನಿಲ್ಲಬಾರದು.

ಗಡಿಯಾರದ ವಿಷಯ. “ದೊಡ್ಡ ಗಡಿಯಾರ ನನ್ನ ಬಾಲ್ಯದ ಸಾಕ್ಷಿ” ಎಂದು ಬರೆದು ಮುಂದೆ ಹೋಗಿಬಿಟ್ಟಿರಿ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ ಆ ಗಡಿಯಾರದ ಮುಖದ ಮೇಲಿರುವುದು ಕನ್ನಡ ಅಂಕಿ. ಶಾಲೆಗೆ ಹೋಗುವ ಮಗು ೬ ಯಾವುದು, ೯ ಯಾವುದು ಎಂದು ತಲೆಯೆತ್ತಿ ಗುರುತಿಸಿಕೊಳ್ಳಬಹುದಾದ ಜಾಗ ಅದು. ದಿನವೂ ಅದರ ಕೆಳಗೆ ನಡೆದ ನಿಮಗೆ ಇದು ನೆನಪಿರಲೇಬೇಕು. ಇದನ್ನು ಬಿಟ್ಟು ‘ಸಾಕ್ಷಿ’ ಎಂಬ ಪದವನ್ನು ಏಕೆ ಆರಿಸಿಕೊಂಡಿರಿ?

ಅಂದಹಾಗೆ, ಹೂವಿನ ಬೆಲೆ ಹೇಳುವಲ್ಲಿ 1984ರಲ್ಲಿ ‘ನಾಲ್ಕಾಣೆ’ ಎಂದು ಬರೆದದ್ದು ಸರಿಯಾಗಿಯೇ ಇದೆ. ನಮ್ಮ ಕರಡು ತಿದ್ದುವವರು ಅದಕ್ಕೆ ಗುರುತು ಹಾಕಿದ್ದರು, ನಾನು ಅಳಿಸಿದೆ. 1957ರಲ್ಲಿ ನಯಾ ಪೈಸೆ ಬಂದರೂ ಇಪ್ಪತ್ತೈದು ಪೈಸೆ ಜನರ ಬಾಯಲ್ಲಿ ನಾಲ್ಕಾಣೆಯಾಗಿ, ಐವತ್ತು ಪೈಸೆ ಎಂಟಾಣೆಯಾಗಿ ಉಳಿಯಿತು. ಅದನ್ನು ಯಾರು ಹೇಳಿದರೂ ಬದಲಿಸಬೇಡಿ.

ಇನ್ನೊಂದು ಯೋಚನೆಯನ್ನೂ ಮುಂದಿಡುತ್ತೇನೆ. ನೀವು ‘ಅನಾದಿಯಿಂದ ಹೀಗೇ ಇದ್ದ’ ಎಂದು ಕರೆದ ನಗರಮಧ್ಯವೂ ಯಾರೋ ಬದಲಿಸಿ ಮಾಡಿದ್ದೇ. ಸಯ್ಯಾಜಿರಾವ್ ರಸ್ತೆಯ ಗುಂಟ ಹಿಂದೆ ಇದ್ದದ್ದು ದಿವಾನ್ ಪೂರ್ಣಯ್ಯನವರ ನಾಲೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಈಗಿನದು ಎದ್ದಿತು. 1903ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಮಂಡಳಿ ಇಕ್ಕಟ್ಟಿನ ಕೇರಿಗಳನ್ನು ತೆಗೆದು ಬೀದಿಗಳನ್ನು ಅಗಲ ಮಾಡಿತು, ಹೊಸ ಬಡಾವಣೆಗಳನ್ನು ಹಾಕಿತು. ಈ ಸಾಲುಗಳಲ್ಲಿ ‘ಮಾಡಿತು’, ‘ಹಾಕಿತು’ ಎಂದು ಬರೆಯಲು ಏನೂ ಕಷ್ಟವಾಗಲಿಲ್ಲ, ಗಮನಿಸಿ.

ಕೊನೆಗೆ, ಈ ಪ್ರಬಂಧವನ್ನು ನಾನು ಎರಡನೆಯ ಸಲ ಓದಲು ಕಾರಣವಾದ ಸಾಲು. ಎಂಟನೆಯ ಪುಟದ ಮಧ್ಯದಲ್ಲಿ ಅಡಗಿ ಕೂತಿದೆ: “ಅಜ್ಜಿ ಹೂವು ನೋಡುತ್ತಿರಲಿಲ್ಲ, ಹೂವಾಡಗಿತ್ತಿಯ ಕೈ ನೋಡಿ ಅಂಗಡಿ ಆರಿಸುತ್ತಿದ್ದರು.” ಮೊಳ ಎಂದರೆ ಮೊಳಕೈಯಿಂದ ನಡುಬೆರಳ ತುದಿಯವರೆಗೆ, ಹೆಚ್ಚೂಕಡಿಮೆ ಒಂದೂವರೆ ಅಡಿ. ಉದ್ದ ಕೈಯವರಲ್ಲಿ ನಾಲ್ಕು ಮೊಳ, ಎಂದರೆ ಒಂದು ಮಾರು ಕೊಂಡರೆ ಗೇಣಿನ ಹತ್ತಿರ ಹತ್ತಿರ ಲಾಭ. ನಿಮ್ಮ ಅಜ್ಜಿಗೆ ಆ ಲೆಕ್ಕ ಗೊತ್ತಿತ್ತು. ಇದನ್ನು ನೀವು ಯಾವ ಪುಸ್ತಕದಿಂದಲೂ ತಂದಿಲ್ಲ. ಹನ್ನೆರಡು ಪುಟಗಳಲ್ಲಿ ಒಬ್ಬರು ತಮ್ಮ ಬುದ್ಧಿಯಿಂದ ಏನನ್ನಾದರೂ ಮಾಡುವುದು ಇಲ್ಲಿ ಮಾತ್ರ.

ಅಲ್ಲಿಂದ ಶುರು ಮಾಡಿ. ಅಜ್ಜಿ ಮಾರುಕಟ್ಟೆಗೆ ಯಾವ ಬಾಗಿಲಿನಿಂದ ಹೋಗುತ್ತಿದ್ದರು, ಎಷ್ಟು ಹೊತ್ತಿಗೆ, ಯಾವ ತಿಂಗಳು. ಹೂ ಕಟ್ಟಿದ್ದು ನೆನೆಸಿದ ಬಾಳೆನಾರಿನಲ್ಲೋ ದಾರದಲ್ಲೋ. ಎರಡೆರಡು ಮೊಗ್ಗನ್ನು ಎದುರುಬದುರಾಗಿಟ್ಟು ಒತ್ತಾಗಿ ಕಟ್ಟಿದ್ದೋ, ಬೆರಳು ತೂರುವಷ್ಟು ಸಡಿಲವೋ. ಸಡಿಲ ಕಟ್ಟಿದ ಮೊಳವನ್ನು ಅಜ್ಜಿ ಹೇಗೆ ಕಂಡುಹಿಡಿಯುತ್ತಿದ್ದರು, ಕಂಡುಹಿಡಿದಾಗ ಏನನ್ನುತ್ತಿದ್ದರು, ಅವರ ಮಾತಿನಲ್ಲೇ. ಆಮೇಲೆ ಈಗ ಒಂದು ಬೆಳಿಗ್ಗೆ ಅದೇ ಬಾಗಿಲಿನಿಂದ ಒಳಗೆ ಹೋಗಿ. ಅದು ತೆರೆದಿದೆಯೋ ಮುಚ್ಚಿದ್ದಾರೋ, ಮುಚ್ಚಿದ್ದರೆ ಯಾರು, ಯಾವತ್ತಿನಿಂದ ಎಂದು ಪಕ್ಕದ ಎಲೆ ಅಂಗಡಿಯಲ್ಲಿ ಕೇಳಿ. ಮೊಳ ಈಗಲೂ ಕೈಯಲ್ಲಿ ಹಾಕುತ್ತಾರೋ ಇಲ್ಲವೋ ನೋಡಿ. ಮಾಡಿನ ಅಡಿಯಲ್ಲಿ ನಿಂತು ಜಂತಿ ಗೋಡೆಗೆ ಸೇರುವ ಕಡೆ ತಲೆಯೆತ್ತಿ, ತೇವದ ಕಲೆ ಎಲ್ಲಿಯವರೆಗೆ ಇಳಿದಿದೆ ಎಂದು ಬರೆದುಕೊಳ್ಳಿ.

ನಾಲ್ಕು ಪುಟ ಸಾಕು. ‘ಮಾಯವಾಯಿತು’ ಒಂದು ಸಲವೂ ಬೇಡ. ಮಲ್ಲಿಗೆಯ ಸುಗ್ಗಿ ಮುಗಿಯುವುದರೊಳಗೆ ಕಳಿಸಿದರೆ ಅದನ್ನು ಮೊದಲು ಓದುವುದು ನಾನೇ.

ನಿಮ್ಮ,
ಸಂಪಾದಕ