ಆ ಆರು ತಿಂಗಳು ಎಲ್ಲಿ ಹೋಯಿತು?

ನಮಸ್ಕಾರ ಮೇಡಂ,

ನೀವು ಕಳಿಸಿದ ಕತೆ ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಬೇಡಿ, ಕಾರಣ ಹೇಳುತ್ತೇನೆ.

ನಿಮ್ಮ ನಾಯಕಿಗೆ 46 ವರ್ಷ, ಮಂಗಳೂರಿನ ಬಿಜೈಯಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಎರಡನೇ ಪುಟದಲ್ಲಿ ಗಂಡ ಹೆಂಡತಿ ಒಪ್ಪಿ ‘ಮುಂದಿನ ವಾರವೇ ಡೈವೋರ್ಸ್ ಆಯಿತು.’ ಮೂರನೆಯದರಲ್ಲಿ ಆ್ಯಪ್‌ನಲ್ಲಿ ಸಿಕ್ಕಿದವನ ಜೊತೆ ಪಣಂಬೂರು ಬೀಚಿನಲ್ಲಿ ಸೂರ್ಯಾಸ್ತ. ಕೊನೆಗೆ ಮಗಳು ಬಂದು, ‘ಅಮ್ಮಾ, ನೀನು ಸಂತೋಷಕ್ಕೆ ಅರ್ಹಳು’ ಎನ್ನುತ್ತಾಳೆ. ಮಂಗಳೂರಿನ ಯಾವ ಮಗಳು ಹೀಗೆ ಮಾತಾಡುತ್ತಾಳೆ ಮಾರಾಯ್ರೆ? ಇದು ಸಬ್‌ಟೈಟಲ್ ಭಾಷೆ.

ದೊಡ್ಡ ತಪ್ಪು ಆ ‘ಮುಂದಿನ ವಾರ.’ ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿದರೂ, ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ 6 ತಿಂಗಳು ಕಾದು, ಇನ್ನೊಮ್ಮೆ ಹೋಗಿ ‘ಹೌದು, ಬೇಡ’ ಅನ್ನಬೇಕು. ಈ 6 ತಿಂಗಳನ್ನು ಕೋರ್ಟು ಬೇಕಿದ್ದರೆ ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನೀವು ಬಿಡಬೇಡಿ. ನಿಮ್ಮ ತಮಾಷೆಯೆಲ್ಲ ಇರುವುದು ಅಲ್ಲಿಯೇ.

1937ರ ‘ದಿ ಆಫುಲ್ ಟ್ರುತ್’ ಸಿನಿಮಾದಲ್ಲಿ ಡೈವೋರ್ಸ್ ಪಕ್ಕಾ ಆಗಲು 90 ದಿನ ಕಾಯಬೇಕು. ಅಷ್ಟರಲ್ಲಿ ಇಬ್ಬರೂ ಬೇರೆ ಜೋಡಿ ಹುಡುಕುತ್ತಾರೆ, ಒಬ್ಬರದ್ದನ್ನು ಇನ್ನೊಬ್ಬರು ಕೆಡಿಸುತ್ತಾರೆ. ನಿಮಗೆ ಅದರ ಎರಡರಷ್ಟು ಸಮಯ ಉಂಟು, ಜೊತೆಗೆ ನಮ್ಮ ಊರೂ ಉಂಟು! ಜೂನ್‌ನಲ್ಲಿ ಅರ್ಜಿ ಹಾಕಿಸಿ. ಮಳೆ, ಅಷ್ಟಮಿ, ಕುದ್ರೋಳಿ ದಸರಾ ಎಲ್ಲ ಅದರೊಳಗೆ ಬರುತ್ತದೆ. ಬೇರೆಯವರ ಮದುವೆ ಕಾಗದಗಳು ಇನ್ನೂ ಇಬ್ಬರ ಹೆಸರಲ್ಲೇ ಬರುತ್ತವೆ. ಹಾಲ್‌ನಲ್ಲಿ ‘ಅವರು ಬರ್ಲಿಲ್ವಾ?’ ಅಂದರೆ ಏನು ಹೇಳುತ್ತಾಳೆ? ಗ್ಯಾಸ್ ಕನೆಕ್ಷನ್ ಗಂಡನ ಹೆಸರಲ್ಲಿ, ಅವನದೇ ನಂಬರಿನಲ್ಲಿದ್ದರೆ ಸಿಲಿಂಡರ್ ಬುಕ್ ಆದ ಮೆಸೇಜು ಅವನ ಫೋನಿಗೇ ಹೋಗುತ್ತದೆ. ಈ ತಿಂಗಳು ಗ್ಯಾಸ್ ಬೇಗ ಮುಗಿದದ್ದು ಯಾಕೆ, ಮನೆಗೆ ಯಾರು ಬರುತ್ತಾರೆ ಅಂತ ಅವನು ಲೆಕ್ಕ ಹಾಕಲಿ.

ಇನ್ನೊಂದು. ‘ನಮ್ಮಲ್ಲಿ ಹೆಂಗಸರಿಗೆ ಎರಡನೇ ಮದುವೆ ಅನ್ನುವುದೇ ಇರಲಿಲ್ಲ’ ಎಂದು ಬರೆದಿದ್ದೀರಿ. ನಾಯಕಿ ಬಂಟರ ಮನೆಯವಳು ಅಲ್ವಾ? ಬಂಟರಲ್ಲಿ ಮೊದಲ ಮದುವೆಗೆ ಕೈಧಾರೆ, ಗಂಡ ತೀರಿಕೊಂಡವಳ ಮದುವೆಗೆ ಬುಡುಧಾರೆ ಅಂತ ಬೇರೆ ಹೆಸರೇ ಇತ್ತು. ಅಜ್ಜಿಯನ್ನು ಗಾಬರಿಪಡಿಸಿ ಓದುವವರನ್ನು ನಗಿಸಲು ಹೋಗಿದ್ದೀರಿ. ಆ ಮಾತು ಗೊತ್ತಿರುವ ಅಜ್ಜಿ ಸುಮ್ನೆ ಎಲೆ ಅಡಿಕೆ ಹಾಕುತ್ತಾ ಹುಡುಗ ಯಾವ ಊರಿನವ ಎಂದು ಕೇಳಿದರೆ, ಗಾಬರಿಯಾಗುವವಳು ಮೊಮ್ಮಗಳು.

ಬೀಚಿನ ಪುಟ ಪೂರ್ತಿ ಹೊಡೆಯಿರಿ. ಆದರೆ ಆ ಮೀನಿನ ಹೆಂಗಸನ್ನು ಮುಟ್ಟಬೇಡಿ. ಲಾಯರಿಗಿಂತ ಮೊದಲೇ ವಿಷಯ ತಿಳಿದು, ‘ಇನ್ನು ಬಂಗುಡೆ ನಾಲ್ಕೇ ಸಾಕಾ ಅಕ್ಕಾ?’ ಅನ್ನುತ್ತಾಳಲ್ಲ, ಅಲ್ಲಿ ನಾನು ನಕ್ಕೆ, ಮತ್ತೆ ಸ್ವಲ್ಪ ಹೊತ್ತು ಮುಂದೆ ಓದಲಿಲ್ಲ. ಆರು ತಿಂಗಳ ನಂತರ ಅವಳು ಎಷ್ಟು ಬಂಗುಡೆ ಕೊಡುತ್ತಾಳೆ ಎಂದು ಬರೆದು ಕಳಿಸಿ.